ಬದಲಿ ಅಡುಗೆ

ತಿರುವನಂತಪುರ
೨೧ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಸಂದೇಶನಿಗೆ ಅಕ್ಕ ಸುಶೀಲಳ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ಕ್ರಮ, ಹಾಗಾಗಿ ಬರೆದಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದೂ ಕ್ರಮವೇ. ಅದನ್ನು ಮಾತ್ರ ಕೇಳುವುದಿಲ್ಲ, ಕಣ್ಣಾರೆ ನೋಡಿಕೊಂಡು ಬಂದಿದ್ದೇನಲ್ಲ.

ತಡವಾಯಿತು, ಬೈಯಬೇಡ. ಹೋದ ತಿಂಗಳು ಕಾಕ್ಕನಾಡಿನ ನಿಮ್ಮ ಫ್ಲ್ಯಾಟಿನಿಂದ ನಾನು ಹೊರಡುವಾಗ ಬಾಗಿಲಲ್ಲಿ ನಿಂತು ನೀನು ಹೇಳಿದ್ದೆ: “ಬಾಯಲ್ಲಿ ಹೇಳಿದ್ದು ನನ್ನಲ್ಲಿ ನಿಲ್ಲುದಿಲ್ಲ ಅಕ್ಕ. ಎಂತ ಇದ್ದರೂ ಬರೆದು ಕಳಿಸು.” ಮರುದಿನವೇ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದವಳು ಒಂದು ತಿಂಗಳು ನುಂಗಿ ಹಾಕಿದೆ. ಓಣ ಬಂತು, ಸಂಹಿತಾ ಮತ್ತು ಅಳಿಯ ಅಭಿಜಿತ್ ಬಂದು ನಾಲ್ಕು ದಿನ ಇದ್ದು ಹೋದರು, ನಿನ್ನ ಭಾವನ ಮಂಡಿನೋವು ಜೋರಾಯಿತು. ಇದೆಲ್ಲ ನೆಪ. ಮೂರು ಸಲ ಕಾಗದ ಎದುರಿಗಿಟ್ಟುಕೊಂಡು ಕೂತೆ, ಮೂರು ಸಲವೂ ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿದೆ. ನಮ್ಮ ಮನೆಯಲ್ಲಿ ಈಗ ಮಡಚದ ಬಟ್ಟೆ ಒಂದೂ ಇಲ್ಲ.

ಭಾವನಿಗೆ ಸೆಕ್ರೆಟೇರಿಯಟ್‌ನಲ್ಲಿ ಇನ್ನೊಂದು ವರ್ಷದ ಸರ್ವೀಸು. ಕಾನೂನು ಕಾಗದಗಳನ್ನು ಕನ್ನಡಕ್ಕೆ ತಿರುಗಿಸಿ ಕಾಸರಗೋಡಿಗೆ ಕಳಿಸುವುದು, ಅಲ್ಲಿ ಅದನ್ನು ಯಾರೂ ಓದುವುದಿಲ್ಲ ಎಂದು ಸಂಜೆ ನನ್ನ ಹತ್ತಿರ ಗೊಣಗುವುದು. ಅಂಕಿಅಂಶ ಇಲಾಖೆಯಲ್ಲಿ ನನ್ನ ಕೆಲಸವೂ ಅದೇ ಹಳೆಯದು. ಅದೇ ಚಾಲ ಮಾರ್ಕೆಟ್ಟು, ಅವೇ ಅಂಗಡಿಗಳು, ಅದೇ ಅಕ್ಕಿ, ಅದೇ ಮೆಣಸು. ವಾರ ವಾರವೂ ಹೋಗಿ ಬೆಲೆ ಬರೆದುಕೊಂಡು ಬರುವುದು. ಈ ಓಣಕ್ಕೆ ತೆಂಗಿನೆಣ್ಣೆ ಕಿಲೋಗೆ ನಾನೂರು ದಾಟಿದ್ದನ್ನು ಬರೆಯುವಾಗ ನನ್ನ ಕೈಯೇ ಒಮ್ಮೆ ನಿಂತಿತು. ಎಣ್ಣೆ ಅಂಗಡಿಯ ಮುದುಕ, “ಚೇಚಿ, ನೀವು ಬರೆದುಕೊಂಡು ಹೋದ ಮರುದಿನವೇ ಏರುತ್ತದೆ, ನಿಮ್ಮ ಪೆನ್ನಿನದ್ದೇ ದೋಷ” ಎಂದು ಮಲಯಾಳದಲ್ಲಿ ದಬಾಯಿಸಿದ. ಆಮೇಲೆ ನಿನ್ನನ್ನು ಕೇಳಿದ. “ಪುಸ್ತಕ ಹಿಡಿದುಕೊಂಡು ಬಂದಿದ್ದ ಆ ತಮ್ಮ ಎಲ್ಲಿ?” ಕೊಚ್ಚಿಯಲ್ಲಿದ್ದಾನೆ, ಕೆಲಸ ಜಾಸ್ತಿ ಎಂದೆ.

ಹೋದ ವರ್ಷ ಕಂಪೆನಿಯವರು ನಿನ್ನನ್ನು ಬಿಡಿಸಿದ ಮೇಲೆ ನೀನು ಎರ್ನಾಕುಳಂನ ಹಳೆ ಪುಸ್ತಕದ ಅಂಗಡಿಯಿಂದ ಎರಡು ಪುಸ್ತಕ ತಂದೆಯಲ್ಲ. ಒಂದು, ಸಮಾರಂಭಗಳ ಅಡುಗೆ ವಹಿಸಿಕೊಳ್ಳುವುದು ಹೇಗೆ ಎಂದು ಹೊಸಬರಿಗೆ ಹೇಳಿಕೊಡುವುದು. ಇನ್ನೊಂದು, ಆರ್ಥಿಕ ಸೂಚ್ಯಂಕಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಏನೂ ತಿಳಿಯದವರಿಗೆ ಹೇಳಿಕೊಡುವುದು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಒಂದು ಪುಸ್ತಕ ಓದಿ ಅಡುಗೆಭಟ್ಟ ಆಗುವವನು ನೀನೊಬ್ಬನೇ ಎಂದಿದ್ದೆ. ಅಡುಗೆಯದ್ದಾದರೂ ಸರಿ, ಈ ಎರಡನೆಯದು ಎಂತಕ್ಕೆ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: “ನೂರು ಜನಕ್ಕೆ ಬೇಯಿಸುವವನಿಗೆ ಬೆಲೆ ಯಾವಾಗ ಏರ್ತದೆ ಗೊತ್ತಿರ್ಬೇಡವಾ? ಮತ್ತೆ, ನೀನು ಮೂವತ್ತು ವರ್ಷದಿಂದ ಎಂತ ಮಾಡ್ತಾ ಇದ್ದೀ ಅಂತ ನಂಗೂ ತಿಳೀಬೇಕಲ್ಲ ಅಕ್ಕ.”

ಅದನ್ನು ನನ್ನ ಗಂಡ ಕೇಳಿರಲಿಲ್ಲ, ಮಗಳು ಕೇಳಿರಲಿಲ್ಲ. ನೀನು ಎರಡು ದಿನ ನನ್ನ ಹಿಂದೆ ಚಾಲದಲ್ಲಿ ಸುತ್ತಿದೆ. ಅಗ್ಗದ ಅಂಗಡಿ ಪಕ್ಕದಲ್ಲೇ ಇರುವಾಗ ಅದೇ ಅಂಗಡಿಗೆ ಯಾಕೆ ಹೋಗಬೇಕು, ಒಂದು ವಸ್ತು ಸಿಗದೇ ಹೋದರೆ ಎಂತ ಬರೆಯುವುದು ಎಂದು ಕೇಳಿ ಕೇಳಿ ನನ್ನ ತಲೆ ತಿಂದೆ. ಎರಡನೆಯ ದಿನ ಮಧ್ಯಾಹ್ನ ನನ್ನ ಚಪ್ಪಲಿ ಕಿತ್ತುಹೋಗಿ, ನೀನು ನಿನ್ನದನ್ನು ಕೊಟ್ಟು ಬರಿಗಾಲಲ್ಲಿ ನಡೆದೆ. ಅಷ್ಟು ಖುಷಿಯಿಂದ ನಾನು ಆ ಮಾರ್ಕೆಟ್ಟಿನಲ್ಲಿ ಎಂದೂ ನಡೆದದ್ದಿಲ್ಲ.

ಆ ಎರಡೂ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ನಾನು ಬಂದ ದಿನ ನಿನ್ನ ಹೆಂಡತಿ ಅವನ್ನು ನಿನಗೆ ತಿಳಿಯದ ಹಾಗೆ ನನ್ನ ಚೀಲಕ್ಕೆ ಹಾಕಿದಳು. “ಅತ್ತಿಗೆ, ಇದು ಕಣ್ಣೆದುರು ಇದ್ದರೆ ತೆಗೆದು ಓದ್ತಾ ಕೂತುಬಿಡ್ತಾರೆ, ಆಮೇಲೆ ಎರಡು ದಿನ ಮಾತೇ ಇಲ್ಲ” ಎಂದಳು. ವಿಜೇತಾಳನ್ನು ಬೈಯಬೇಡ. ಹಗಲು ಐಟಿ ಪಾರ್ಕಿನಲ್ಲಿ ದುಡಿದು ಬಂದು, ನಿನಗೆ ಮೂರು ಸಲ ಊಟಕ್ಕೆ ಕರೆದು, ಒಂದು ದಿನವೂ ಮುಖ ಗಂಟು ಹಾಕದೆ ಇರುವ ಹುಡುಗಿ ಅವಳು. ಅಡುಗೆಯ ಪುಸ್ತಕವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಗುವಂಥದ್ದು ಏನೂ ಇಲ್ಲ ಅದರಲ್ಲಿ. ಎಷ್ಟು ಜನ, ಎಷ್ಟು ಎಲೆ, ಅಕ್ಕಿ ಯಾವಾಗ ನೆನೆಸುವುದು, ನೀರಿನ ಟ್ಯಾಂಕರ್ ಬಾರದೇ ಹೋದರೆ ಯಾರಿಗೆ ಫೋನ್ ಮಾಡುವುದು, ಎಲ್ಲ ಕ್ರಮವಾಗಿ ಬರೆದಿದ್ದಾರೆ. ನಿನ್ನ ಪೆನ್ಸಿಲ್ಲಿನ ಗೆರೆಗಳೂ ಅಷ್ಟೇ ಕ್ರಮವಾಗಿವೆ.

ಸರಿ, ಈಗ ಬಾಯ ತುದಿಗೆ ಬಂದದ್ದನ್ನು ಬರೆದೇ ಬಿಡುತ್ತೇನೆ. ಆವತ್ತು ಬಾಗಿಲು ತೆರೆದವನು ನೀನೇ. “ಬಾ ಅಕ್ಕ” ಎಂದವನು ಒಳಗೆ ಹೋಗಿ ಮೇಜಿನ ಮೇಲಿನ ಡೈರಿಯಲ್ಲಿ ಏನೋ ಬರೆದೆ. ನೀನು ಚಹಾಕ್ಕೆ ಹೋದಾಗ ನೋಡಿದೆ: ‘ಅಕ್ಕ ಬಂದಳು, ನಾಲ್ಕು ಹತ್ತು.’ ಒಲೆಯ ಮೇಲಿನ ಗೋಡೆಯಲ್ಲಿ ಚೀಟಿ, ಬಾಗಿಲ ಹಿಂದೆ ಚೀಟಿ, ಫ್ರಿಜ್ಜಿನ ಮೇಲೆ ಚೀಟಿ. ಮೂವತ್ತೊಂಬತ್ತು ವರ್ಷದ ಗಂಡಸು ‘ಇವತ್ತಿನ ಹಾಲು ತೆಗೆದುಕೊಂಡಾಯಿತು’ ಎಂದು ಬರೆದು ಅಂಟಿಸಿಕೊಂಡದ್ದನ್ನು ನಿಂತು ಎರಡೆರಡು ಸಲ ಓದಿದೆ. ನಾನು ಭಾವನ ಮಂಡಿಯ ಸುದ್ದಿ ಹೇಳಿದರೆ, “ಬಲಗಾಲು ಅಂದದ್ದಲ್ಲವಾ?” ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. ನೀನು ಮರೆತು ಕೇಳಿದ್ದಲ್ಲ, ಮರೆತಿದ್ದೀಯೋ ಎಂಬ ಹೆದರಿಕೆಯಿಂದ ಕೇಳಿದ್ದು. ಅಷ್ಟು ನನಗೆ ಗೊತ್ತಾಗುತ್ತದೆ.

ವಿಜೇತಾ ಎಲ್ಲ ಹೇಳಿದಳು. ಆಲುವದ ಡಾಕ್ಟರು ಗಡಿಯಾರದ ಚಿತ್ರ ಬಿಡಿಸಲು ಹೇಳಿದ್ದು, ನೂರರಿಂದ ಏಳೇಳು ಕಳೆಯುತ್ತಾ ಹೋಗು ಎಂದದ್ದು, ತಲೆಯ ಸ್ಕ್ಯಾನ್ ಮಾಡಿಸಿದ್ದು. ಏನೂ ಇಲ್ಲ, ನನಗಿಂತ ಚುರುಕಾಗಿದ್ದೀರಿ ಎಂದು ಅವರು ನಕ್ಕರಂತೆ. ಅದಕ್ಕೆ ನೀನು ಲಿಫ್ಟಿನಲ್ಲಿ ಹೇಳಿದೆಯಂತೆ, “ಅವರು ನಮ್ಮ ಅಪ್ಪಯ್ಯನನ್ನು ನೋಡಿಲ್ಲ” ಎಂದು. ಅಂಬಲಮುಗಳ್‌ನ ಕ್ಯಾಂಟೀನಿನಲ್ಲಿ ಮೇಲ್ವಿಚಾರಕನ ಕೆಲಸಕ್ಕೆ ಕರೆ ಬಂದಾಗಲೂ ನೀನು ಹೋಗಲಿಲ್ಲ. “ಹೇಳಿದ ಹೊತ್ತು ನೆನಪಿಡುವವನನ್ನು ಇಟ್ಟುಕೊಳ್ಳಲಿ” ಎಂದೆಯಂತೆ. ಹಂಡೆ, ಕಡಾಯಿ, ಸೌಟು ಎಲ್ಲವನ್ನೂ ಆಲುವದ ಯಾರಿಗೋ ಕೊಟ್ಟುಬಿಟ್ಟೆ.

ಅಪ್ಪಯ್ಯನ ಕತೆ ಬೇರೆ, ತಮ್ಮ. ಐವತ್ತೈದಕ್ಕೆ ಅವರಿಗೆ ಮರೆವು ಹಿಡಿಯಿತು. ಪಾಠದ ನಡುವೆಯೇ ಕೊಡೆ ಹಿಡಿದು ಶಾಲೆಯಿಂದ ಹೊರಟುಬಿಡುತ್ತಿದ್ದರು, ಮನೆಯ ದಾರಿ ತಿಳಿಯದೆ ಎಲ್ಲೆಲ್ಲೋ ಕೂತಿರುತ್ತಿದ್ದರು. ಹನ್ನೆರಡು ವರ್ಷದ ನೀನು ಸೈಕಲ್ಲಿನಲ್ಲಿ ಹುಡುಕಿಕೊಂಡು ಹೋಗಿ ಕೈ ಹಿಡಿದು ಕರೆತರುತ್ತಿದ್ದೆ. ಒಂದು ದಿನ ದಾರಿಯಲ್ಲಿ ಅವರು, “ನೀನು ಒಳ್ಳೆಯ ಹುಡುಗ, ಯಾರ ಮಗ?” ಎಂದು ಕೇಳಿದ್ದನ್ನು ನೀನು ನನಗೆ ಮಾತ್ರ ಹೇಳಿದ್ದೆ. ಆಮೇಲೆ ಅಮ್ಮನೂ ಹೋದ ಮೇಲೆ ನಿನ್ನನ್ನು ಇಲ್ಲಿಗೆ ಕರೆತಂದು ಓದಿಸಿದೆ. ಅಂದಿನಿಂದ ನಾನು ಹೇಳಿದ್ದೇ ನಿನಗೆ ಸರಿ, ನಾನು ಇಟ್ಟದ್ದೇ ನಿನಗೆ ಊಟ. ನಿನಗೆ ಆ ರೋಗ ಇಲ್ಲ. ಇಲ್ಲ, ಇಲ್ಲ, ಇಲ್ಲ. ಮೂರು ಸಲ ಬರೆದಿದ್ದೇನೆ, ಚೀಟಿಯಲ್ಲಿ ಅಂಟಿಸಿಕೋ.

ಇಷ್ಟಕ್ಕೆಲ್ಲ ಕಾರಣ ಸಂಹಿತಾಳ ಮದುವೆಯ ಆ ಒಂದು ದಿನ. ಅದನ್ನು ಇಲ್ಲಿಗೇ ಮುಗಿಸುವಾ. ಫೆಬ್ರವರಿ ಒಂಬತ್ತು, ಭಾನುವಾರ. ಅದಕ್ಕೆ ಮೊದಲು ನೀನು ಎರಡು ಹುಟ್ಟುಹಬ್ಬ, ಒಂದು ಗೃಹಪ್ರವೇಶ ಮಾಡಿದ್ದೆ. ನಾನೂರು ಜನರ ಅಡುಗೆ ಅದೇ ಮೊದಲು. ಛತ್ರದವರು ಹೊರಗಿನವರಿಗೆ ಅಡುಗೆಮನೆ ಕೊಡುವುದಿಲ್ಲ ಎಂದದ್ದಕ್ಕೆ ನೀನು ಕಳಕ್ಕೂಟ್ಟಂನಲ್ಲಿ ನಿನ್ನ ಗೆಳೆಯ ಇಸ್ಮಾಯಿಲ್‌ನ ಬಾಡಿಗೆ ಮನೆಯ ಹಿತ್ತಲಲ್ಲಿ ಚಪ್ಪರ ಹಾಕಿ ಎರಡು ದಿನ ಬೇಯಿಸಿದೆ. ವ್ಯಾನಿನಲ್ಲಿ ತುಂಬಿಕೊಂಡು ನೀವಿಬ್ಬರೂ ಬಂದಾಗ ಹನ್ನೊಂದು ನಲವತ್ತು. ಮೊದಲ ಪಂಕ್ತಿ ಹನ್ನೊಂದೂಕಾಲಿಗೇ ಕೂತಾಗಿತ್ತು. ಛತ್ರದ ಅಡುಗೆಯವರದ್ದನ್ನು ಬಡಿಸಿಬಿಟ್ಟಿದ್ದರು. ಎರಡನೆಯ ಪಂಕ್ತಿಯೂ ಅದೇ ಆಯಿತು. ನಿನ್ನ ಅನಾನಸು ಮೆಣಸ್ಕಾಯಿ, ನಿನ್ನ ಹೋಳಿಗೆ, ನಿನ್ನ ಪಾಯಸ ಎಲ್ಲ ಡ್ರೈವರುಗಳಿಗೆ ಮತ್ತು ಛತ್ರ ಗುಡಿಸುವವರಿಗೆ ಹೋಯಿತು, ಉಳಿದದ್ದನ್ನು ಇಸ್ಮಾಯಿಲ್ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಒಯ್ದ. ತಿಂದವರು ತುಂಬ ಹೊಗಳಿದರಂತೆ.

ಛತ್ರದವರು ಬೆಳಗ್ಗಿನ ತಿಂಡಿ ಮಾತ್ರ ಮಾಡುವುದು ಎಂದು ನಾನು ನಿನಗೆ ಹೇಳಿದ್ದೆ, ಹೌದು. ಅವರಿಗೆ ಊಟವನ್ನೂ ವಹಿಸಿದ್ದೆ ಎಂದು ನಿನಗೆ ಗೊತ್ತಾದದ್ದು ಅಲ್ಲಿಗೆ ಬಂದ ಮೇಲೆ. ಅದು ನನ್ನ ಕೆಲಸದ ಚಾಳಿ ಕಣೋ. ನಮ್ಮ ಸಮೀಕ್ಷೆಯಲ್ಲಿ ಹತ್ತು ಮನೆ ಆರಿಸಿದರೆ ಜೊತೆಗೇ ಬದಲಿ ಮನೆಗಳ ಪಟ್ಟಿಯನ್ನೂ ಕೊಡುತ್ತಾರೆ. ಆರಿಸಿದ ಮನೆಗೆ ಬೀಗ ಬಿದ್ದಿದ್ದರೆ ಬದಲಿ ಮನೆಯ ಬಾಗಿಲು ತಟ್ಟಬೇಕು. ಮೂವತ್ತು ವರ್ಷ ನಾನು ಬದಲಿ ಪಟ್ಟಿ ಇಲ್ಲದೆ ಮನೆಯಿಂದ ಹೊರಬಿದ್ದವಳಲ್ಲ. ಮಗಳ ಮದುವೆಗೂ ಒಂದು ಬದಲಿ ಅಡುಗೆ ಇರಲಿ ಎಂದು ಹೇಳಿಟ್ಟೆ. ನೀನು ತಡವಾಗಿ ಬಂದದ್ದರಿಂದ ಅದು ಉಪಯೋಗಕ್ಕೆ ಬಂತು. ಯಾರಿಗಾದರೂ ಆಗುವಂಥದ್ದೇ. ನನ್ನ ಮನಸ್ಸಿನಲ್ಲಿ ನಿನ್ನ ಮೇಲೆ ಏನೂ ಇಲ್ಲ, ನಾನು ಅದನ್ನು ಎಂದೋ ಬಿಟ್ಟುಬಿಟ್ಟಿದ್ದೇನೆ.

ಸೂಚ್ಯಂಕದ ಪುಸ್ತಕದಲ್ಲಿ ನಿರುದ್ಯೋಗದ ಅಧ್ಯಾಯದ ಪಕ್ಕ ನೀನು ‘ಅಕ್ಕನನ್ನು ಕೇಳಬೇಕು’ ಎಂದು ಬರೆದಿದ್ದೀ. ಕೇಳು ಮಾರಾಯ, ಹೇಳುತ್ತೇನೆ. ನಾವು ಮನೆಮನೆಗೆ ಹೋಗಿ ಕೇಳುವಾಗ, ವಾರದಲ್ಲಿ ಒಂದು ಗಂಟೆ ದುಡಿದಿದ್ದರೂ ಅವನು ದುಡಿಯುವವರ ಪಟ್ಟಿಗೆ ಸೇರುತ್ತಾನೆ. ದುಡಿಮೆ ಇಲ್ಲದೆ ಹುಡುಕುತ್ತಾ ಇದ್ದರೆ ನಿರುದ್ಯೋಗಿ. ಹುಡುಕುವುದನ್ನೂ ಬಿಟ್ಟು ಕೂತವನು ಎರಡರಲ್ಲೂ ಇಲ್ಲ. ನಿರುದ್ಯೋಗ ಇಳಿಯಿತು ಎಂದು ಪೇಪರಿನಲ್ಲಿ ಓದಿದರೆ, ನಿನ್ನ ಹಾಗೆ ಸುಸ್ತಾಗಿ ಕೂತವರೂ ಆ ಇಳಿತಕ್ಕೆ ಸಹಾಯ ಮಾಡಿದ್ದಾರೆ ಎಂದು ತಿಳಿದುಕೋ. ನಿನ್ನ ಮನೆಗೆ ನಾನು ಫಾರ್ಮು ಹಿಡಿದು ಬಂದರೆ ನಿನ್ನನ್ನು ಎಲ್ಲಿ ಬರೆಯಲಿ? ನಾನು ಸಾಕಿದ ಹುಡುಗನನ್ನು ಯಾವ ಲೆಕ್ಕಕ್ಕೂ ಸೇರದವನು ಎಂದು ಬರೆಯುವ ಹಾಗೆ ಮಾಡಬೇಡ.

ಒಂದು ಸಂತೋಷದ ಸುದ್ದಿ. ಸಂಹಿತಾಳಿಗೆ ಮೂರು ತಿಂಗಳು. ಜನವರಿಯಲ್ಲಿ ಸೀಮಂತ ಮಾಡುವುದು ಎಂದಾಗಿದೆ, ನಮ್ಮ ಮನೆಯಲ್ಲೇ, ನಲವತ್ತು ಜನ. ಅಡುಗೆ ನೀನು ಮಾಡಬೇಕು. ನಮ್ಮ ಅಡುಗೆಮನೆಯಲ್ಲಿ, ನಮ್ಮ ಪಾತ್ರೆಯಲ್ಲಿ. ತೆಂಗಿನಕಾಯಿ ತುರಿಯಲು ನಾನಿದ್ದೇನೆ. ಈ ಸಲ ಬದಲಿ ಇಲ್ಲ. ನೀನು ಬಾರದಿದ್ದರೆ ಬಂದವರೆಲ್ಲ ಉಪವಾಸ ಹೋಗಲಿ. ಸಂಹಿತಾ ಕೂಡ, “ಮಾವ ಮಾಡಿದ್ರೆ ಮಾತ್ರ ನಾನು ಕೂತ್ಕೊಳ್ಳೋದು” ಎಂದಿದ್ದಾಳೆ. ಯೋಚಿಸಿ ಒಂದು ಸಾಲು ಬರೆ. ಬರೆದೇ ಕಳಿಸು, ನಿನ್ನ ಅಕ್ಷರ ನೋಡದೆ ಬಹಳ ದಿನ ಆಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ವಿಜೇತಾಳನ್ನು ಭಾನುವಾರವಾದರೂ ಹೊರಗೆ ಎಲ್ಲಿಗಾದರೂ ಕರೆದುಕೊಂಡು ಹೋಗು, ಫೋರ್ಟ್ ಕೊಚ್ಚಿಗೆ ಹೋಗಿ ಸಮುದ್ರ ನೋಡಿಕೊಂಡು ಬನ್ನಿ. ದೇವರು ನಿಮ್ಮಿಬ್ಬರನ್ನೂ ಕಾಪಾಡಲಿ, ನಿನ್ನ ಮನಸ್ಸಿಗೆ ಧೈರ್ಯ ಕೊಡಲಿ.

ಇಂತು ನಿನ್ನ
ಅಕ್ಕ ಸುಶೀಲ

ಮತ್ತೆ ಬರೆದದ್ದು: ಲಕೋಟೆಗೆ ಹಾಕಿ ಅಂಟಿಸಿದ್ದೆ. ಹರಿದು ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದು ಕಡೆ ಸುಳ್ಳು ಉಂಟು, ಅದೇ ಮುಖ್ಯವಾದ ಕಡೆ.

ನೀನು ತಡವಾಗಿ ಬಂದಿರಲಿಲ್ಲ. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೆ. ಮದುವೆಗೆ ಮೊದಲಿನ ಗುರುವಾರ ಫೋನಿನಲ್ಲಿ ನಾನು ನಿನಗೆ ಹೇಳಿದ್ದು, “ಹನ್ನೆರಡು ಗಂಟೆಗೆ ಛತ್ರಕ್ಕೆ ತಲುಪಿಸು, ಹನ್ನೆರಡೂವರೆಗೆ ಮೊದಲ ಪಂಕ್ತಿ” ಎಂದು. ಎಲ್ಲವನ್ನೂ ಬರೆದಿಡುವ ನೀನು ಅದೊಂದನ್ನು ಬರೆದಿಡಲಿಲ್ಲ, ಅಕ್ಕ ಹೇಳಿದ್ದಲ್ಲವಾ ಎಂದು. ಛತ್ರದವರ ಕಾಗದದಲ್ಲಿ ಊಟಕ್ಕೆ ಹನ್ನೊಂದೂಕಾಲು ಎಂದು ಜನವರಿಯಲ್ಲೇ ನನ್ನ ಕೈಯಾರೆ ಬರೆದುಕೊಟ್ಟಿದ್ದೆ.

ಯಾಕೆ ಎಂದು ಕೇಳು. ನಿಶ್ಚಿತಾರ್ಥದ ದಿನ ಅಭಿಜಿತ್‌ನ ತಾಯಿ ಸುಮಿತ್ರ ಅವರು, “ಅಡುಗೆ ಯಾರದ್ದು?” ಎಂದು ಕೇಳಿದರು. ಅವರದ್ದು ಮೂರು ತಲೆಮಾರಿನ ವಕೀಲರ ಮನೆ. ಕೆಲಸ ಹೋದ ನನ್ನ ತಮ್ಮ ಪುಸ್ತಕ ಓದಿ ಕಲಿತು ಮಾಡುತ್ತಾನೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಛತ್ರದವರದ್ದೇ ಎಂದೆ. ಹಾಗೆ ಹೇಳಿದ ಮೇಲೆ ಮೊದಲ ಪಂಕ್ತಿಯಲ್ಲಿ ಬೀಗರನ್ನು ಕೂರಿಸಿ ಛತ್ರದ ಊಟ ಹಾಕುವುದು, ಅವರು ಎದ್ದ ಮೇಲೆ ನೀನು ಬಂದು ನಮ್ಮವರಿಗೆ ಬಡಿಸುವುದು, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ನೀನು ಮೊದಲೇ ಬಂದೆ. ಸುಮಿತ್ರ ಅವರು ಕೈತೊಳೆಯಲು ಹೊರಗೆ ಬಂದವರು ವ್ಯಾನಿನಿಂದ ಹಂಡೆ ಇಳಿಯುವುದನ್ನು ನೋಡಿ, “ಇದೆಂತ ಸುಶೀಲಮ್ಮ, ಎರಡೆರಡು ಅಡುಗೆ?” ಎಂದರು. ಆಗ ನಾನು ಅವರ ಎದುರು, ಇಸ್ಮಾಯಿಲ್‌ನ ಎದುರು ನಿನಗೆ ಹೇಳಿದೆ: “ಹನ್ನೊಂದಕ್ಕೆ ಬರ್ಬೇಕು ಅಂತ ಹೇಳಿದ್ದಲ್ಲವಾ ನಿಂಗೆ? ಇಷ್ಟು ಹೊತ್ತಾ ಬರುದು?”

ನೀನು ಬಾಯಿ ತೆರೆದೆ, ನನ್ನ ಮುಖ ನೋಡಿದೆ. ನಾನು ಸುಳ್ಳು ಹೇಳುತ್ತೇನೆ ಎಂಬುದು ನಿನ್ನ ತಲೆಗೇ ಬರಲಿಲ್ಲ. “ಹೌದಾ ಅಕ್ಕ? ಹನ್ನೊಂದಾ? ನನಗೆ ಮರೆತೇ ಹೋಯ್ತು” ಎಂದೆ. ಸುಮಿತ್ರ ಅವರು ನನ್ನ ಭುಜ ತಟ್ಟಿ, ಬದಲಿ ಮಾಡಿಟ್ಟದ್ದು ಪುಣ್ಯ ಎಂದರು. ಎರಡನೆಯ ಪಂಕ್ತಿಗಾದರೂ ನಿನ್ನದನ್ನು ಬಡಿಸಿ ಎಂದು ಒಂದು ಮಾತು ಹೇಳಬೇಕಾದವಳು ನಾನು. ಹೇಳಲಿಲ್ಲ. ನಿನ್ನ ಪಾಯಸದ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಲಿಲ್ಲ. ಆಮೇಲೆ ನೀನು ಅಪ್ಪಯ್ಯನ ಹೆಸರು ಎತ್ತಿದ ದಿನವೂ ಬಾಯಿ ಬಿಡಲಿಲ್ಲ. ಏಳು ತಿಂಗಳಿಂದ ನಾನು ಮಾಡಿದ್ದಕ್ಕೆ ನಾನು ನಿನ್ನನ್ನು ಕ್ಷಮಿಸುತ್ತಾ ಬಂದಿದ್ದೇನೆ.

ನಿನಗೆ ಏನೂ ಮರೆತಿಲ್ಲ, ತಮ್ಮ. ಇದನ್ನು ವಿಜೇತಾಳಿಗೂ ಓದಲು ಕೊಡು.

*

ತಿರುವನಂತಪುರ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಸಂದೇಶನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರಕ್ಕೆ ಇಷ್ಟು ದಿನ ತೆಗೆದುಕೊಂಡದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ. ಏನು ಬರೆದರೆ ನೀನು ನಂಬುತ್ತೀ ಎಂದು ನನಗೆ ತೋಚಲಿಲ್ಲ, ಈಗಲೂ ತೋಚಿಲ್ಲ.

ನಿನ್ನ ಭಾವನಿಗೆ, ಸಂಹಿತಾಳಿಗೆ ಎಲ್ಲ ಹೇಳಿದೆ. ಭಾವ ಪೇಪರು ಮಡಚಿಟ್ಟು, “ನೀನಾ?” ಎಂದು ಮಾತ್ರ ಕೇಳಿದರು. ಸಂಹಿತಾ ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ಸುಮಿತ್ರ ಅವರ ಮನೆಗೂ ಹೋಗಿ ಹೇಳಿದೆ. ಅವರು ಕಾಫಿ ಕೊಟ್ಟರು, ನಿಮ್ಮ ತಮ್ಮನೇ ಅಡುಗೆ ಎಂದಿದ್ದರೆ ನಮಗೆ ಎಂತ ತೊಂದರೆ ಇತ್ತು ಎಂದರು. ಅಷ್ಟೇ. ನಾನು ಹೆದರಿದ್ದು ಅಷ್ಟಕ್ಕೆ.

ನಿನ್ನ ಹತ್ತಿರ ಮಾತ್ರ ನಾನು ಸೋತೆ. ಛತ್ರದವರ ಕಾಗದ ಹುಡುಕಿಸಿ ಕಳಿಸಿದೆ. ಅದಕ್ಕೆ ನೀನು, ‘ಊಟ ಹನ್ನೊಂದೂಕಾಲಿಗೆ ಎಂದು ನೀನು ಮೊದಲೇ ಬರೆದಿದ್ದೀ ಅಕ್ಕ, ಅಂದರೆ ನನಗೂ ಹನ್ನೊಂದು ಎಂದೇ ಹೇಳಿರುತ್ತೀ’ ಎಂದು ಬರೆದೆ. ಇಸ್ಮಾಯಿಲ್‌ನನ್ನು ನಿನ್ನಲ್ಲಿಗೆ ಕಳಿಸಿದೆ. ಹನ್ನೆರಡಕ್ಕೆ ತಲುಪಬೇಕು ಎಂದು ನೀನು ಆ ಗುರುವಾರ ಸಂಜೆಯೇ ಅವನಿಗೆ ಹೇಳಿದ್ದನ್ನು ಅವನು ಆಣೆ ಹಾಕಿ ಹೇಳಿದ. ನೀನು, ‘ಹಾಗಾದರೆ ಅವತ್ತು ಸಂಜೆಗೇ ನನಗೆ ಮರೆತಿತ್ತು, ಸುರು ಆದದ್ದು ಅಷ್ಟು ಬೇಗ ಎಂದು ಗೊತ್ತಿರಲಿಲ್ಲ’ ಎಂದು ತಾರೀಕು ಹಾಕಿ ಡೈರಿಯಲ್ಲಿ ಬರೆದುಕೊಂಡೆಯಂತೆ. ನಾನು ಒಂದೊಂದು ಸಾಕ್ಷಿ ಕೊಟ್ಟ ಹಾಗೆ ನಿನ್ನ ರೋಗಕ್ಕೆ ಒಂದೊಂದು ಸಾಕ್ಷಿ ಆಗುತ್ತಿದೆ. ವಿಜೇತಾ ನಿನ್ನೆ ಫೋನಿನಲ್ಲಿ ಅತ್ತಳು. ಅತ್ತು ಮುಗಿದ ಮೇಲೆ, “ಅತ್ತಿಗೆ, ಇನ್ನು ಏನೂ ಕಳಿಸಬೇಡಿ” ಎಂದಳು. ಅವಳು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಮೇಲೆ ಸಿಟ್ಟು ಮಾಡಿಕೋ ಎಂದು ಬೇಡಿಕೊಂಡೆ, ಅದನ್ನೂ ನೀನು ಮಾಡಲಿಲ್ಲ. ‘ಸಣ್ಣದಿರುವಾಗ ನಾನು ತಟ್ಟೆ ಒಡೆದರೆ ನೀನು ತಪ್ಪು ನಿನ್ನ ಮೇಲೆ ಹಾಕಿಕೊಂಡು ಅಮ್ಮನಿಗೆ ಹೇಳ್ತಿದ್ದೆ, ಈಗಲೂ ಹಾಗೇ ಮಾಡ್ತಾ ಇದ್ದೀ’ ಎಂದು ಬರೆದಿದ್ದೀ. ಒಂದು ತಟ್ಟೆಗೆ ಹೇಳಿದ ಸುಳ್ಳನ್ನು ಇಷ್ಟು ವರ್ಷ ನೆನಪಿಟ್ಟವನಿಗೆ ಮರೆವು ಎಲ್ಲಿಂದ ಬಂತು ಎಂದು ನಾನು ಯಾರನ್ನು ಕೇಳಲಿ?

ಸೀಮಂತದ ಅಡುಗೆ ಆಗುವುದಿಲ್ಲ ಎಂದು ನೀನು ಬರೆದದ್ದನ್ನು ಸಂಹಿತಾಳಿಗೆ ತಿಳಿಸಿದೆ. ಅಡುಗೆಗೆ ಬೇರೆ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ದಿನ ಮನೆಯಲ್ಲಿ ಅನ್ನ ಸಾರು ನಾನೇ ಮಾಡುತ್ತೇನೆ. ನೀನು ಸುಮ್ಮನೆ ಬಂದು ಒಂದು ಎಲೆಯ ಮುಂದೆ ಕೂತು ಹೋಗು. ಬಾರದಿದ್ದರೂ ನಿನ್ನ ಎಲೆ ಹಾಕಿರುತ್ತೇನೆ.

ಬದುಕಿರುವಷ್ಟು ದಿನ ನಿನಗೆ ಒಳ್ಳೆಯದಾಗಲಿ ಎಂದೇ ಬೇಡುತ್ತೇನೆ. ನನ್ನ ಆಶೀರ್ವಾದಕ್ಕೆ ಇನ್ನು ಬಲ ಉಂಟೋ ಇಲ್ಲವೋ, ದೇವರಿಗೇ ಗೊತ್ತು.

ನಿನ್ನ
ಸುಶೀಲಕ್ಕ

ಮತ್ತೆ ಬರೆದದ್ದು: ನಿನ್ನ ಕಾಗದದ ಕೊನೆಯ ಸಾಲುಗಳನ್ನು ದಿನಕ್ಕೆ ನಾಲ್ಕು ಸಲ ಓದುತ್ತಿದ್ದೇನೆ. ‘ನನಗೋಸ್ಕರ ಸುಳ್ಳು ಹೇಳಬೇಡ ಅಕ್ಕ. ಮೊದಲು ನೆನಪಿರಲಿಲ್ಲ, ಈಗ ಕೂತು ಯೋಚಿಸಿ ಯೋಚಿಸಿ ಎಲ್ಲ ನೆನಪಾಗಿದೆ. ನೀನು ನಿಮ್ಮ ಅಡುಗೆಮನೆಯಲ್ಲಿ ದೋಸೆ ಎರೆಯುತ್ತಾ ಇದ್ದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನೀನು ನನ್ನ ಕಡೆ ತಿರುಗಿ, ಹನ್ನೊಂದಕ್ಕೆ ಬಾ, ತಡ ಮಾಡಬೇಡ ಎಂದು ಎರಡು ಸಲ ಹೇಳಿದೆ. ಸ್ಪಷ್ಟವಾಗಿ ಕೇಳಿಸುತ್ತದೆ.’

ಆ ಗುರುವಾರ ನಾನು ಪೇಟೆಯಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ, ತಮ್ಮ. ನೀನು ಫೋನಿನಲ್ಲಿದ್ದೆ, ಕಳಕ್ಕೂಟ್ಟಂನಲ್ಲಿ. ನಮ್ಮ ಮನೆಗೆ ನೀನು ಆ ವಾರ ಬಂದೇ ಇರಲಿಲ್ಲ.